ತೀರ್ಥಹಳ್ಳಿಯಿಂದ ಫ್ರೀಮಾಂಟ್‌ಗೆ: ಕಿಲೋಮೀಟರ್ ಲೆಕ್ಕ, ಗಂಟೆ ಲೆಕ್ಕ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರ ಸುಮಾರು 14,000 ಕಿಲೋಮೀಟರ್. ಮೊಬೈಲ್‌ನಲ್ಲಿ ಕೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಕೆಳಗೆ ವಿಮಾನದ ಹೊತ್ತು ಹದಿನಾರು ಹದಿನೇಳು ಗಂಟೆ ಅಂತಲೂ ಇರುತ್ತದೆ. ಆದರೆ ತೀರ್ಥಹಳ್ಳಿಯ ನಮ್ಮ ಮನೆ ದಣಪೆಯಿಂದ ಮಗಳ ಮನೆ ಬಾಗಿಲಿಗೆ ಎಷ್ಟು ಹೊತ್ತು ಬೇಕು ಅನ್ನೋದು ಎಲ್ಲೂ ಸಿಗಲಿಲ್ಲ. ಅದನ್ನು ನಾವೇ ಕೂತು ಲೆಕ್ಕ ಹಾಕಿದೆವು, ಆಮೇಲೆ ಹೋಗಿಯೂ ಬಂದೆವು.

ಮಗಳು ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿ. 2024ರ ಜೂನ್ ಕೊನೆಗೆ ಹೆರಿಗೆ ಅಂತ ಡಾಕ್ಟರು ಹೇಳಿದ್ದರು. ಬಾಣಂತನಕ್ಕೆ ನಾನು ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತಕರಾರು ಇದ್ದದ್ದು ನಮ್ಮನೆಯವರದ್ದು. ಜೂನ್ ಅಂದರೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಕಾಲ. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಹೊಡೆಯದಿದ್ದರೆ ಕೊಳೆ ರೋಗ ಬಂದು ಎಳೆ ಕಾಯಿ ಪೂರ್ತಿ ಉದುರುತ್ತದೆ. ಮೊದಲ ಔಷಧಿ ಮುಗಿಸಿ ಹೊರಡುವುದು, ಎರಡನೆಯದನ್ನು ಮೈದುನನಿಗೆ ವಹಿಸುವುದು, ಕೊಯ್ಲಿಗೆ ಸರಿಯಾಗಿ ನವೆಂಬರ್‌ನಲ್ಲಿ ವಾಪಸ್ ಬರುವುದು ಅಂತ ಕೊನೆಗೆ ತೀರ್ಮಾನವಾಯಿತು. ಟಿಕೆಟ್ ದಿನ ಗೊತ್ತುಮಾಡಿದ್ದು ಹೀಗೆ, ಮಗಳನ್ನೂ ಅಡಿಕೆ ಗೊನೆಯನ್ನೂ ಒಟ್ಟಿಗೆ ನೋಡಿಕೊಂಡು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಮನೆಯಲ್ಲಿ ಒಂದು ಹಳೇ ಗ್ಲೋಬ್ ಇದೆ. ಮೊಬೈಲ್ ಹೇಳಿದ್ದನ್ನು ನಂಬುವ ಮೊದಲು ಅದನ್ನು ಇಳಿಸಿ ಧೂಳು ಒರೆಸಿದೆ. ಹೂ ಕಟ್ಟುವ ದಾರ ತಗೊಂಡು ಬೆಂಗಳೂರಿನ ಮೇಲೆ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆದರೆ ದಾರ ತಾನಾಗಿಯೇ ಹತ್ತಿರದ ದಾರಿಗೆ ಸರಿದು ಕೂರುತ್ತದೆ. ಅದು ಅರಬ್ಬಿ ಸಮುದ್ರದ ಕಡೆಗೂ ಹೋಗಲಿಲ್ಲ, ಪೆಸಿಫಿಕ್ ಕಡೆಗೂ ಹೋಗಲಿಲ್ಲ. ಸೀದಾ ಮೇಲಕ್ಕೆ ಹತ್ತಿತು. ಹಿಮಾಲಯ, ಟಿಬೆಟ್, ಸೈಬೀರಿಯ, ಅಲಾಸ್ಕ, ಅಲ್ಲಿಂದ ಕೆಳಗೆ ಕ್ಯಾಲಿಫೋರ್ನಿಯ. ಅದೇ ದಾರದಿಂದ ಸಮಭಾಜಕ ವೃತ್ತ ಸುತ್ತಿ ಅಳೆದುಕೊಂಡರೆ ಅದು 40,000 ಕಿಲೋಮೀಟರ್. ಎರಡನ್ನೂ ಸ್ಕೇಲಿನ ಮೇಲಿಟ್ಟು ಲೆಕ್ಕ ಮಾಡಿದೆ. ಹದಿನಾಲ್ಕು ಸಾವಿರದ ಆಸುಪಾಸೇ ಬಂತು.

"ಗೋಡೆ ಮ್ಯಾಪಲ್ಲಿ ಅಮೇರಿಕ ಎಡಗಡೆ ಉಂಟಲ್ಲ, ಇದೆಂತ ಮೇಲಕ್ಕೆ ಹೋಗ್ತು?" ಅಂದರು ಇವರು. ಗೋಡೆ ಮ್ಯಾಪ್ ಚಪ್ಪಟೆ. ಗುಂಡಗಿರುವ ಭೂಮಿಯನ್ನು ಅದಕ್ಕೆ ಹಿಗ್ಗಿಸಿ ಹಚ್ಚಿರುತ್ತಾರೆ. ಉತ್ತರಕ್ಕೆ ಹೋದಷ್ಟೂ ಜಾಗವನ್ನು ಇದ್ದದ್ದಕ್ಕಿಂತ ಅಗಲ ಮಾಡಿ ತೋರಿಸುತ್ತದೆ. ಹಾಗಾಗಿ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ನಿಜವಾಗಿ ಹತ್ತಿರದ ದಾರಿ ಅಲ್ಲ. ಮೊಬೈಲ್ ತೋರಿಸುವ ಅಂತರವೂ ದಾರ ಹಿಡಿದ ದಾರಿಯದ್ದೇ. ಹೊತ್ತಿನ ಲೆಕ್ಕ ಇನ್ನೂ ಸುಲಭದ್ದು. ಆ ಅಂತರವನ್ನು ಗಂಟೆಗೆ 850 ಕಿಲೋಮೀಟರ್ ಅಂತೇನೋ ಭಾಗಿಸಿ, ಹತ್ತಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸಿ ಕೊಡುತ್ತದೆ, ಅಷ್ಟೇ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಯಾವ ದೇಶದ ಮೇಲೆ ಹಾರಲು ಬಿಡುತ್ತಾರೆ, ಮಧ್ಯೆ ಎಲ್ಲಿ ಇಳಿದು ಕಾಯಬೇಕು, ಇದ್ಯಾವುದೂ ಅದರಲ್ಲಿಲ್ಲ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಬಿಡಿ. ಆಗುಂಬೆಯ ಮೇಲೆ ನಿಂತರೆ ಸೋಮೇಶ್ವರ ಕಾಲಡಿಯಲ್ಲೇ ಇದ್ದ ಹಾಗಿರುತ್ತದೆ. ಆದರೆ ಹದಿನಾಲ್ಕು ತಿರುವು ಇಳಿದು, ಎದುರಿಗೆ ಬಸ್ಸು ಬಂದರೆ ಹಿಂದೆ ಸರಿದು, ಕೆಳಗೆ ಮುಟ್ಟುವಾಗ ಹೊತ್ತು ಎಷ್ಟಾಗಿರುತ್ತದೆ ಅಂತ ನಮಗೆ ಗೊತ್ತು. ನಮ್ಮಲ್ಲಿ ದೂರ ಕೇಳಿದರೆ ಯಾರೂ ಕಿಲೋಮೀಟರ್ ಹೇಳುವುದಿಲ್ಲ, ಮಳೆಗಾಲದಲ್ಲಿ ಇಷ್ಟು ಹೊತ್ತು, ಬೇಸಿಗೆಯಲ್ಲಿ ಇಷ್ಟು ಹೊತ್ತು ಅನ್ನುತ್ತಾರೆ. ವಿಮಾನಕ್ಕೂ ಅದೇ ಲೆಕ್ಕ ಅಂತ ನನಗೆ ಗೊತ್ತಾದದ್ದು ದಾರಿ ಆರಿಸಲು ಕೂತಾಗ.

ಸ್ಯಾನ್ ಫ್ರಾನ್ಸಿಸ್ಕೋ ನಮಗೆ ಹೆಚ್ಚುಕಡಿಮೆ ಭೂಮಿಯ ಆ ಮಗ್ಗುಲಲ್ಲಿದೆ. ಹಾಗಾಗಿ ಪೂರ್ವಕ್ಕೆ ಹೋದರೂ ಸಿಗುತ್ತದೆ, ಪಶ್ಚಿಮಕ್ಕೆ ಹೋದರೂ ಸಿಗುತ್ತದೆ. ಮಗಳು ಒಂದೊಂದೇ ದಾರಿ ಕಳಿಸುತ್ತಾ ಹೋದಳು, ನಾನು ನೋಟ್‌ಬುಕ್ಕಿನಲ್ಲಿ ದೂರ ಬರೆದುಕೊಳ್ಳುತ್ತಾ ಹೋದೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಮೊದಲು 7,400 ಕಿಲೋಮೀಟರ್, ಆಮೇಲೆ 9,150. ಎರಡು ತುಂಡೂ ಕೂಡಿದರೆ ಹದಿನಾರೂವರೆ ಸಾವಿರ. ಸಿಂಗಾಪುರದ ಮೇಲೆ ಹೋದರೆ ಮೊದಲ ತುಂಡು ಸಣ್ಣದು, 3,200ರ ಹತ್ತಿರ. ಎರಡನೆಯದು ಹದಿಮೂರೂವರೆ ಸಾವಿರ. ಒಟ್ಟು ಫ್ರಾಂಕ್‌ಫರ್ಟ್‌ಗಿಂತ ತುಸು ಜಾಸ್ತಿ. ದುಬೈ ಮೇಲೆ ಹೋದರೆ 2,700 ಮತ್ತು 13,000, ಒಟ್ಟು 15,700. ಈ ಮೂರು ದಾರಿಗಳಲ್ಲಿ ಇದೇ ಹತ್ತಿರದ್ದು.

ನೇರ ವಿಮಾನದ ಆಸೆಯೂ ಇತ್ತು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ಸೇವೆಯನ್ನು ಏರ್ ಇಂಡಿಯಾ 2021ರ ಜನವರಿಯಲ್ಲಿ ಶುರು ಮಾಡಿದಾಗ ಪೇಪರಿನಲ್ಲೆಲ್ಲ ಬಂದಿತ್ತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಆ ಮೊದಲ ವಿಮಾನದ ಪೈಲಟ್‌ಗಳೆಲ್ಲ ಹೆಂಗಸರು. ಜೋಯಾ ಅಗರ್ವಾಲ್ ಮುಖ್ಯ ಪೈಲಟ್. ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಹದಿನೇಳು ಗಂಟೆಗೂ ಮಿಕ್ಕಿ ಎಲ್ಲೂ ನಿಲ್ಲಿಸದೆ ಬೆಂಗಳೂರಿಗೆ ತಂದಿಳಿಸಿದ್ದರು. ಆ ಸುದ್ದಿಯ ತುಂಡನ್ನು ಆಗ ಕತ್ತರಿಸಿ ಇಟ್ಟುಕೊಂಡಿದ್ದೆ. ಆದರೆ ನೇರ ವಿಮಾನ ಇದ್ದದ್ದು ವಾರಕ್ಕೆ ಕೆಲವೇ ದಿನ, ನಮ್ಮ ದಿನಕ್ಕೆ ಹೊಂದಲಿಲ್ಲ. ಇವರಂತೂ "ಹದಿನೇಳು ಗಂಟೆ ಒಂದೇ ಕುರ್ಚೀಲಿ ಕೂರೋಕೆ ನಂಗೆ ಆಗದಿಲ್ಲ ಮಾರಾಯ್ತಿ" ಅಂತ ಮೊದಲೇ ಕೈ ಎತ್ತಿದ್ದರು. ದುಬೈ ಮೇಲೆ ಹೋದರೂ ಎರಡನೇ ತುಂಡು ಹದಿನಾರು ಗಂಟೆಯದ್ದೇ ಅಂತ ನಾನು ಆಗ ಹೇಳಲಿಲ್ಲ.

ದಾರಿ ಹುಡುಕುವಾಗ ಓದಿದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ಮೊದಲು ಯುರೋಪ್, ಅಟ್ಲಾಂಟಿಕ್ ಕಡೆಯಿಂದ ಹಾರಿಸುತ್ತಿತ್ತು. ಆ ದಾರಿ ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರ್‌ನಲ್ಲಿ ದಾರಿ ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹಾರಿಸಿದರು. ದೂರ 15,300 ಕಿಲೋಮೀಟರ್‌ಗೆ ಏರಿತು. 1,400 ಕಿಲೋಮೀಟರ್ ಜಾಸ್ತಿ. ಆದರೂ ಮೊದಲಿಗಿಂತ ಬೇಗ, ಹದಿನಾಲ್ಕೂವರೆ ಗಂಟೆಯಲ್ಲಿ ಹೋಗಿ ಇಳಿಯಿತು. ಕಾರಣ ಗಾಳಿ. ವಿಮಾನ ಹಾರುವ ಎತ್ತರದಲ್ಲಿ, ಅಂದರೆ ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಪಟ್ಟಿಗಳಿವೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಗಂಟೆಗೆ ನೂರೈವತ್ತು, ಇನ್ನೂರು ಕಿಲೋಮೀಟರ್ ವೇಗ ಸಾಮಾನ್ಯ. ಚಳಿಗಾಲದಲ್ಲಿ ಇನ್ನೂ ಜೋರು. ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಬೆನ್ನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೋಗುವುದಕ್ಕೆ ಎದೆಗೆ ಬಡಿಯುತ್ತದೆ. ಹಾಗಾಗಿ ಯುರೋಪಿಗೆ ಹೋಗುವಾಗ ಹಿಡಿದಷ್ಟು ಹೊತ್ತು ಬರುವಾಗ ಹಿಡಿಯುವುದಿಲ್ಲ. ಅದೇ ದೂರ, ಅದೇ ವಿಮಾನ.

ನನ್ನ ತರಗತಿಯಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಕೇಳುತ್ತಿದ್ದ, "ಭೂಮಿ ತಿರುಗ್ತದಲ್ಲ ಟೀಚರ್, ಹೆಲಿಕಾಪ್ಟರಲ್ಲಿ ಸುಮ್ನೆ ಮೇಲೆ ನಿಂತ್ರೆ ಅಮೇರಿಕ ಅದಾಗೇ ಕೆಳಗೆ ಬರ್ತದಾ?" ಬರುವುದಿಲ್ಲ, ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯ ಜೊತೆ ಹೆಲಿಕಾಪ್ಟರೂ ತಿರುಗುತ್ತದೆ ಅಂತ ಹೇಳುತ್ತಿದ್ದೆ. ಜೆಟ್ ಸ್ಟ್ರೀಮ್ ವಿಷಯವನ್ನೂ ಅಲ್ಲೇ ಸೇರಿಸಿ ಹೇಳಬಹುದಿತ್ತು. ಪುಸ್ತಕದಲ್ಲಿ ಎರಡು ಸಾಲು ಇರುತ್ತಿತ್ತು, ಪರೀಕ್ಷೆಗೆ ಬರುತ್ತಿರಲಿಲ್ಲ.

ದುಬೈ ದಾರಿಯೇ ಗಟ್ಟಿಯಾಯಿತು. ಉಳಿದದ್ದು ತೀರ್ಥಹಳ್ಳಿಯಿಂದ ಬೆಂಗಳೂರು ವಿಮಾನ ನಿಲ್ದಾಣ. ನಿಜವಾದ ಚರ್ಚೆ ನಡೆದದ್ದು ಇದರ ಮೇಲೆ. ಹದಿನಾರು ಗಂಟೆ ಆಕಾಶದಲ್ಲಿರುವುದರ ಬಗ್ಗೆ ನಮ್ಮ ಮನೆಯಲ್ಲಿ ಅಷ್ಟು ಮಾತಾಗಲಿಲ್ಲ.

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆದದ್ದು 2023ರ ಫೆಬ್ರವರಿ 27ಕ್ಕೆ. ಕುವೆಂಪು ಅವರ ಹೆಸರಿನ ನಿಲ್ದಾಣ, ತೀರ್ಥಹಳ್ಳಿಯವರಿಗೆ ಅದೊಂದು ಹೆಮ್ಮೆ. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ರನ್‌ವೇ 3.2 ಕಿಲೋಮೀಟರ್ ಉದ್ದ ಇದೆ, ಬೆಂಗಳೂರಿನಿಂದ ಬರುತ್ತಿದ್ದದ್ದು ಮಾತ್ರ ರೆಕ್ಕೆಗೆ ಫ್ಯಾನ್ ಇರುವ ಸಣ್ಣ ಎಟಿಆರ್. ಬೆಂಗಳೂರಿಗೆ ಗಾಳಿಯಲ್ಲಿ 240 ಕಿಲೋಮೀಟರ್ ಆಸುಪಾಸು, ಒಂದು ಗಂಟೆಯ ದಾರಿ. ರಸ್ತೆಯಲ್ಲಾದರೆ ಮುನ್ನೂರರ ಹತ್ತಿರ, ಐದಾರು ಗಂಟೆ. ಕಾಗದದ ಮೇಲೆ ನೋಡಿದರೆ ಯೋಚನೆ ಮಾಡುವುದೇ ಬೇಡ, ವಿಮಾನವೇ ಸರಿ.

ಆದರೆ ಜೂನ್. ಮೋಡ ನೆಲಕ್ಕೇ ಇಳಿದು ಕೂತ ದಿನ ರನ್‌ವೇ ಪೈಲಟ್‌ಗೆ ಕಾಣಬೇಕಲ್ಲ. ಕಾಣದಿದ್ದರೆ ಮೇಲೆ ಸುತ್ತು ಹೊಡೆದು ವಾಪಸ್ ಹೋಗುತ್ತದೆ, ಇಲ್ಲವೇ ಹೊರಡುವುದೇ ಇಲ್ಲ. ಶಿವಮೊಗ್ಗದ ಟಿಕೆಟ್, ದುಬೈ ಟಿಕೆಟ್ ಎರಡೂ ಬೇರೆ ಬೇರೆ ಕಂಪನಿಯದ್ದು, ಬೇರೆ ಬೇರೆ ಬುಕಿಂಗ್. ಒಂದೇ ಟಿಕೆಟ್ ಆಗಿದ್ದರೆ ಮೊದಲನೇ ವಿಮಾನ ತಪ್ಪಿದರೂ ಮುಂದಿನದಕ್ಕೆ ಕೂರಿಸುವ ಹೊಣೆ ಅವರದ್ದು. ಬೇರೆ ಬೇರೆ ಆದರೆ ಶಿವಮೊಗ್ಗದ ಮೋಡಕ್ಕೆ ದುಬೈ ವಿಮಾನ ಕಾಯುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಇನ್ನೊಂದು ತೊಡಕು ಸಾಮಾನು. ಅಮೇರಿಕದ ಟಿಕೆಟ್‌ಗೆ ತಲೆಗೆ 23 ಕಿಲೋದ ಎರಡು ಪೆಟ್ಟಿಗೆ ಬಿಡುತ್ತಿದ್ದರು. ದೇಶದೊಳಗಿನ ಟಿಕೆಟ್‌ಗೆ 15 ಕಿಲೋ. ಮೇಲಿನದಕ್ಕೆಲ್ಲ ಕಿಲೋ ಲೆಕ್ಕದಲ್ಲಿ ದುಡ್ಡು. ಬಾಣಂತನಕ್ಕೆ ಹೋಗುವವಳ ಪೆಟ್ಟಿಗೆ 15 ಕಿಲೋದಲ್ಲಿ ಮುಗಿಯುತ್ತದಾ?

ರಾತ್ರಿ ರೈಲಿನ ಮಾತೂ ಬಂತು. ರೈಲು ಸುಖವೇ, ಆದರೆ ಬೆಂಗಳೂರಿನಲ್ಲಿ ಇಳಿದ ಮೇಲೆ ನಾಲ್ಕು ಪೆಟ್ಟಿಗೆ ಹೊತ್ತು ದೇವನಹಳ್ಳಿಗೆ ಇನ್ನೊಂದು ಪ್ರಯಾಣ. ಕಾರೇ ಆಯಿತು.

ಸಾಮಾನು ಕಟ್ಟುವಾಗ ಗೊತ್ತಾದ ಒಂದೆರಡು ವಿಷಯ ಹೇಳುತ್ತೇನೆ, ಹೋಗುವವರಿಗೆ ಉಪಯೋಗ ಆದೀತು. ಬಾಣಂತಿ ಅಂಟಿನುಂಡೆಗೆ ಅಂತ ನಮ್ಮ ತೋಟದ ಒಣಕೊಬ್ಬರಿ ಇಟ್ಟಿದ್ದೆ. ಅದನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ 2022ರಲ್ಲಿ ನಿಷೇಧದ ಪಟ್ಟಿಗೆ ಸೇರಿಸಿದ್ದಾರೆ. ಉಂಡೆ ಇಲ್ಲೇ ಕಟ್ಟಿ ತಗೊಂಡು ಹೋದೆ. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ರಸ ಇರುವುದರಿಂದ ನೂರು ಮಿಲಿ ಮೀರಿದರೆ ತೆಗೆಸುತ್ತಾರೆ. ದೊಡ್ಡ ಪೆಟ್ಟಿಗೆಯಲ್ಲಿ ಎರಡು ಮೂರು ಕವರ್ ಸುತ್ತಿ ಇಡಬೇಕು. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು. ಗುಳಿಗೆಗಳೂ ಅಷ್ಟೇ, ಚೀಟಿ ಸಮೇತ ಕೈಯಲ್ಲೇ ಇರಲಿ. ಇವರ ಬಿ.ಪಿ. ಮಾತ್ರೆ ಬೆಳಿಗ್ಗೆ ಒಂದು. ಆದರೆ ಬೆಳಿಗ್ಗೆ ಅಂದರೆ ಯಾವ ಊರಿನ ಬೆಳಿಗ್ಗೆ? ಡಾಕ್ಟರನ್ನೇ ಕೇಳಿದೆವು. ಗಡಿಯಾರ ನೋಡಬೇಡಿ, ಹಿಂದಿನ ಮಾತ್ರೆಯಿಂದ ಇಪ್ಪತ್ನಾಲ್ಕು ಗಂಟೆ ಎಣಿಸಿ ಅಂದರು. ಸಕ್ಕರೆ ಕಾಯಿಲೆಯವರು, ಇನ್ಸುಲಿನ್ ತಗೊಳ್ಳುವವರು ಇದನ್ನು ಮೊದಲೇ ಬರೆಸಿಕೊಂಡು ಹೋಗುವುದು ಒಳ್ಳೆಯದು.

ಊಟದ ವಿಷಯ ಒಂದು ಬಾಕಿ. ವಿಮಾನದ ಪಟ್ಟಿಯಲ್ಲಿ ಹಿಂದೂ ಊಟ ಅಂತ ಇರುತ್ತದೆ. ಸಸ್ಯಾಹಾರ ಅಂತ ತಿಳಿದು ಅದನ್ನು ಹೇಳಬೇಡಿ, ಅದರಲ್ಲಿ ಕೋಳಿ, ಕುರಿ, ಮೀನು ಬರಬಹುದು. ನಮ್ಮ ಕಡೆಯ ಸಸ್ಯಾಹಾರ ಬೇಕಾದರೆ ಏಷ್ಯನ್ ವೆಜಿಟೇರಿಯನ್ ಅಂತ ಹೊರಡುವ ಹಿಂದಿನ ದಿನದೊಳಗೆ ಹೇಳಿರಬೇಕು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆ ಬಿಟ್ಟೆವು. ಧೋ ಅಂತ ಮಳೆ. ಶಿವಮೊಗ್ಗ ಮುಟ್ಟುವಷ್ಟರಲ್ಲೇ ಮಧ್ಯಾಹ್ನ. ಆಮೇಲೆ ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು. ಕಡೂರು ಬಿಟ್ಟ ಮೇಲೆ ಮಳೆಯೂ ಬಿಟ್ಟಿತು. ತುಮಕೂರು ದಾಟಿ ಬೆಂಗಳೂರು ಊರೊಳಗೆ ಹೋಗದೆ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದೆವು. ಮಲೆನಾಡಿನ ಕಡೆಯಿಂದ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಈ ದಾರಿ ಮರೆಯದೆ ಹೇಳುತ್ತೇನೆ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕೂತು ಗಡಿಯಾರ ನೋಡುವ ಸಂಕಟ ಇಲ್ಲ. ನಿಲ್ದಾಣದ ಹತ್ತಿರ ಒಂದು ರೂಮು ಹಿಡಿದು ಸ್ವಲ್ಪ ಹೊತ್ತು ಬೆನ್ನು ಚಾಚಿದೆವು. ನಡುರಾತ್ರಿ ಕಳೆದು ಒಂದಕ್ಕೆ ಎರಡನೇ ಟರ್ಮಿನಲ್‌ಗೆ ಹೋದೆವು. ವಿದೇಶದ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಅಲ್ಲಿಂದಲೇ. ಒಳಗೆ ಗಿಡ, ಬಳ್ಳಿ, ಬಿದಿರು. ಇವರು ಮೇಲೆ ತೂಗುಬಿಟ್ಟ ಗಿಡಗಳನ್ನೇ ನೋಡುತ್ತಾ "ಇದಕ್ಕೆ ನೀರು ಬಿಡೋರು ಯಾರೇನ" ಅಂದರು.

ವಿಮಾನ ಎದ್ದದ್ದು ಮಂಗಳವಾರ ಬೆಳಗಿನ ಜಾವ ನಾಲ್ಕೂಕಾಲಿಗೆ. ನಾಲ್ಕು ಗಂಟೆ ಹಾರಿ ದುಬೈ ಮುಟ್ಟಿದಾಗ ನಮ್ಮ ಗಡಿಯಾರದಲ್ಲಿ ಎಂಟೂಕಾಲು, ಅಲ್ಲಿಯದರಲ್ಲಿ ಆರೂ ಮುಕ್ಕಾಲು. ಎರಡು ಗಂಟೆಯಲ್ಲಿ ಮುಂದಿನ ವಿಮಾನ. ಟಿಕೆಟ್ ನೋಡುವಾಗ ಎರಡು ಗಂಟೆ ಧಾರಾಳ ಅನಿಸಿತ್ತು. ಅಲ್ಲಿ ಇಳಿದು ಬಸ್ಸು, ತಪಾಸಣೆ, ಉದ್ದದ ನಡಿಗೆ, ಅಮೇರಿಕಕ್ಕೆ ಹೋಗುವವರಿಗೆ ಗೇಟಿನ ಹತ್ತಿರ ಮತ್ತೊಂದು ಸುತ್ತು ಪ್ರಶ್ನೆ, ಇಷ್ಟಾಗುವಾಗ ಆಗಲೇ ವಿಮಾನಕ್ಕೆ ಹತ್ತಿಸುತ್ತಿದ್ದರು. ಇವರ ಮಂಡಿನೋವಿಗೆ ಅಂತ ಗಾಲಿಕುರ್ಚಿ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ವಯಸ್ಸಾದವರನ್ನು ಕಳಿಸುವವರು ಮಧ್ಯೆ ಮೂರು ನಾಲ್ಕು ಗಂಟೆ ಬಿಡುವು ಇರುವ ಟಿಕೆಟ್ ನೋಡಿ. ಒಟ್ಟು ಹೊತ್ತು ಕಡಿಮೆ ಇದ್ದದ್ದೇ ಒಳ್ಳೆ ಟಿಕೆಟ್ ಅಂತ ಮೊಬೈಲ್ ಮೇಲಕ್ಕೆ ತಂದು ತೋರಿಸುತ್ತದೆ. ನನಗೆ ಅದು ಒಪ್ಪಿಗೆ ಇಲ್ಲ.

ಎರಡನೇ ತುಂಡಿನ ದಾರಿ ನೋಡಿ ನನಗೆ ಪಾಠ ಮಾಡುತ್ತಿದ್ದ ಕಾಲ ನೆನಪಾಯಿತು. ದುಬೈ ಇರುವುದು ಪೂರ್ವ ರೇಖಾಂಶ 55ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮ 122ರಲ್ಲಿ. ಕೂಡಿದರೆ 177. ಇನ್ನು ಮೂರು ಡಿಗ್ರಿ ಇದ್ದಿದ್ದರೆ ಸರಿಯಾಗಿ ಬೆನ್ನಿಗೆ ಬೆನ್ನು. ಅಂದರೆ ದುಬೈಯಿಂದ ಸೀದಾ ಉತ್ತರಕ್ಕೆ ಹೊರಟು, ಉತ್ತರ ಧ್ರುವದ ಮಗ್ಗುಲಲ್ಲಿ ಹಾದು, ಎಲ್ಲೂ ತಿರುಗದೆ ಹಾಗೇ ಮುಂದೆ ಹೋದರೆ ಸೀದಾ ದಕ್ಷಿಣಕ್ಕೆ ಇಳಿದು ಸ್ಯಾನ್ ಫ್ರಾನ್ಸಿಸ್ಕೋ. ಅಮೇರಿಕ ಪಶ್ಚಿಮದಲ್ಲಿದೆ ಅಂತ ಜೀವಮಾನ ಪೂರ್ತಿ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ನಮ್ಮ ವಿಮಾನ ಪಶ್ಚಿಮಕ್ಕೆ ಮುಖವನ್ನೇ ಮಾಡಲಿಲ್ಲ. ಎದುರಿನ ಪರದೆಯಲ್ಲಿ ಇರಾನ್, ತುರ್ಕಮೆನಿಸ್ತಾನ್, ಕಜಕಿಸ್ತಾನ್, ರಷ್ಯಾದ ಉರಲ್ ಬೆಟ್ಟಗಳು ಒಂದೊಂದಾಗಿ ಕೆಳಗೆ ಜಾರಿದವು. ಆಮೇಲೆ ಊರಿನ ಹೆಸರುಗಳೇ ಇಲ್ಲ.

ಇದರಲ್ಲಿ ಗಾಳಿಯ ಕಾಟವೂ ಕಡಿಮೆ. ಜೆಟ್ ಸ್ಟ್ರೀಮ್ ಅಡ್ಡಡ್ಡ ಬೀಸುತ್ತದೆ, ನಾವು ಉದ್ದುದ್ದ ಹೋಗುತ್ತೇವೆ. ಹಾಗಾಗಿ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಜಾಸ್ತಿ ವ್ಯತ್ಯಾಸ ಬರಲಿಲ್ಲ.

ಕಿಟಕಿಯ ಮುಚ್ಚಳ ಸರಿಸಿದರೆ ಯಾವಾಗ ನೋಡಿದರೂ ಬಿಸಿಲು. ಜೂನ್ ತಿಂಗಳಲ್ಲಿ ಆರ್ಕ್ಟಿಕ್ ವೃತ್ತದ ಮೇಲೆ ಸೂರ್ಯ ಮುಳುಗುವುದಿಲ್ಲ. ಕೆಳಗೆ ಬಿರುಕು ಬಿಟ್ಟ ಬಿಳಿ ಹಿಮ, ಬಿರುಕಿನಲ್ಲಿ ಕಪ್ಪು ನೀರು. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ ಅಂತ ಪರದೆ ಹೇಳುತ್ತಿತ್ತು. ಒಳಗೆ ಎಲ್ಲರೂ ಕಂಬಳಿ ಹೊದ್ದು ಕತ್ತಲೆ ಮಾಡಿಕೊಂಡು ಮಲಗಿದ್ದರು. ನಾನು ಮುಚ್ಚಳ ಸ್ವಲ್ಪವೇ ಸರಿಸಿ ನೋಡುತ್ತಿದ್ದೆ, ಪಕ್ಕದ ಸಾಲಿನವರು ಮುಖ ಸಿಂಡರಿಸಿದರು. ನೋಡಿದ್ದೇ. ಧ್ರುವದ ಹತ್ತಿರ ಹೋಗಿ ನಿದ್ದೆ ಮಾಡುವುದಾ?

ಹದಿನಾರು ಗಂಟೆ ಕೂರುವುದು ಮಾತ್ರ ಸುಖದ ಕೆಲಸ ಅಲ್ಲ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ, ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಆಡಿಸಿ, ನೀರು ಕುಡಿಯಿರಿ ಅಂತ ಡಾಕ್ಟರು ಹೇಳಿದ್ದರು. ಇವರಿಗೆ ನೀರು ಕುಡಿದರೆ ಎದ್ದು ಹೋಗಬೇಕಲ್ಲ ಅನ್ನೋ ಕಿರಿಕಿರಿ. ಅದಕ್ಕೇ ಕುಡಿಯಿರಿ ಅಂದೆ. ಎದ್ದು ಹೋದ ಹಾಗೂ ಆಯಿತು, ನಡೆದ ಹಾಗೂ ಆಯಿತು. ಹಿಂದಿನ ಅಡುಗೆ ಕಟ್ಟೆ ಹತ್ತಿರ ಇವರ ವಯಸ್ಸಿನವರೇ ನಾಲ್ಕು ಜನ ನಿಂತಿರುತ್ತಿದ್ದರು. ಭಾಷೆ ಬೇರೆ ಬೇರೆ. ಎಲ್ಲರೂ ಮೊಮ್ಮಕ್ಕಳ ಮನೆಗೆ ಹೊರಟವರು ಅಂತ ಕೈಸನ್ನೆಯಲ್ಲೇ ಗೊತ್ತಾಯಿತಂತೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಅಲ್ಲಿಯ ಹೊತ್ತು ಎರಡಕ್ಕೆ ಹತ್ತು ನಿಮಿಷ. ಮಧ್ಯಾಹ್ನ. ವಾರ ಮಂಗಳವಾರವೇ. ಬೆಂಗಳೂರು ಬಿಟ್ಟ ದಿನವೇ ಊಟದ ಹೊತ್ತಿಗೆ ಅಮೇರಿಕ. ನೋಡಿದವರು ಹತ್ತೇ ಗಂಟೆಯಲ್ಲಿ ಹೋದರು ಅನ್ನಬೇಕು. ನಮ್ಮೂರಲ್ಲಿ ಆಗ ಬುಧವಾರ ಬೆಳಗಿನ ಜಾವ ಎರಡೂ ಇಪ್ಪತ್ತು. ಬೇಸಿಗೆಯಲ್ಲಿ ಅವರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ.

ಅಲ್ಲಿ ಸಾಲು ಉದ್ದ ಇತ್ತು. ಬೆರಳಚ್ಚು, ಫೋಟೋ. ಯಾರ ಮನೆಗೆ, ಎಷ್ಟು ದಿನಕ್ಕೆ, ವಾಪಸ್ ಟಿಕೆಟ್ ಯಾವಾಗ ಅಂತ ಕೇಳಿದರು. ಪೆಟ್ಟಿಗೆಯಲ್ಲಿ ತಿನ್ನುವ ಸಾಮಾನು ಇದ್ದರೆ ಇದೆ ಅಂತ ಹೇಳಿಬಿಡಬೇಕು. ತಾಜಾ ಹಣ್ಣು, ತರಕಾರಿ, ಬಿತ್ತನೆ ಬೀಜ, ಮಾಂಸದ ಪದಾರ್ಥ ಅವರಿಗೆ ಆಗುವುದಿಲ್ಲ. ಉಪ್ಪಿನಕಾಯಿ, ಉಂಡೆ, ಕೋಡುಬಳೆ ಇದೆ ಅಂತ ಹೇಳಿದೆವು, ತೆಗೆಸಿ ನೋಡಿ ಬಿಟ್ಟರು. ಅಳಿಯ ಕರೆಯಲು ಬಂದಿದ್ದ. ಡಂಬರ್ಟನ್ ಸೇತುವೆ ಹತ್ತಿರ ಸಂಜೆಯ ಟ್ರಾಫಿಕ್. ಫ್ರೀಮಾಂಟ್ ಮನೆ ಮುಟ್ಟಿದಾಗ ನಾಲ್ಕೂ ನಲವತ್ತು.

ಚಾ ಕುಡಿಯುತ್ತಾ ನೋಟ್‌ಬುಕ್ ತೆಗೆದು ಕೂಡಿದೆ. ನಮ್ಮ ಗಡಿಯಾರದಲ್ಲಿ ಸೋಮವಾರ ಬೆಳಿಗ್ಗೆ ಹನ್ನೊಂದರಿಂದ ಬುಧವಾರ ಬೆಳಗಿನ ಐದೂ ಹತ್ತರವರೆಗೆ. ನಲವತ್ತೆರಡು ಗಂಟೆ. ಅದರಲ್ಲಿ ವಿಮಾನ ಹಾರಿದ್ದು ಇಪ್ಪತ್ತು ಗಂಟೆ. ಉಳಿದ ಇಪ್ಪತ್ತೆರಡು ಗಂಟೆ ರಸ್ತೆಯಲ್ಲಿ, ಸಾಲಿನಲ್ಲಿ, ಕುರ್ಚಿಯಲ್ಲಿ ಕಾದದ್ದು. ಆ 20 ಗಂಟೆಯಲ್ಲಿ ಹೋದದ್ದು 15,700 ಕಿಲೋಮೀಟರ್. ಈ 22 ಗಂಟೆಯಲ್ಲಿ ಹೋದದ್ದು ನಾನೂರು ಕಿಲೋಮೀಟರ್ ಆದರೆ ಜಾಸ್ತಿ. "ಅಮ್ಮ, ಬಂದು ಐದು ನಿಮಿಷ ಆಗಿಲ್ಲ, ಲೆಕ್ಕ ಶುರು ಮಾಡಿದ್ಯಾ?" ಅಂದಳು ಮಗಳು.

ಅಲ್ಲಿದ್ದಾಗಿನ ಕತೆ ಇಲ್ಲಿ ಬೇಡ. ಮೊಮ್ಮಗಳು ಹುಟ್ಟಿದಳು, ಬಾಣಂತನ ಚೆನ್ನಾಗಿ ಆಯಿತು. ಗಡಿಯಾರದ ಒಂದು ಮಾತು ಮಾತ್ರ ಹೇಳುತ್ತೇನೆ. ಇವರು ದಿನಾ ಅಲ್ಲಿಯ ರಾತ್ರಿ ಏಳೂವರೆಗೆ ಮೈದುನನಿಗೆ ಫೋನ್ ಮಾಡಿ ತೋಟದ ವಿಷಯ ಕೇಳುತ್ತಿದ್ದರು. ಇಲ್ಲಿ ಆಗ ಮಾರನೇ ಬೆಳಿಗ್ಗೆ ಎಂಟು. ಅವನು ತೋಟಕ್ಕೆ ಹೊರಡುವ ಮೊದಲು ಸಿಗುತ್ತಿದ್ದ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅವತ್ತು ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಇಲ್ಲಿ ಒಂಬತ್ತಾಗಿತ್ತು, ಅವನು ಆಗಲೇ ತೋಟದಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ.

ವಾಪಸ್ ಬರುವಾಗ ದಿನದ ಲೆಕ್ಕ ಉಲ್ಟಾ. ಶನಿವಾರ ಸಂಜೆ ನಾಲ್ಕಕ್ಕೆ ಹೊರಟು ಹದಿನೈದೂವರೆ ಗಂಟೆ ಹಾರಿ ದುಬೈ ಮುಟ್ಟಿದಾಗ ಭಾನುವಾರ ರಾತ್ರಿ ಏಳೂವರೆ. ಬೆಂಗಳೂರಿನಲ್ಲಿ ಇಳಿದಾಗ ಸೋಮವಾರ ಬೆಳಗಿನ ಜಾವ ಮೂರೂಕಾಲು. ಹೋಗುವಾಗ ದಿನವೇ ಮುಗಿಯಲಿಲ್ಲ. ಬರುವಾಗ ಭಾನುವಾರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನವೆಂಬರ್‌ನಲ್ಲಿ ಆಕಾಶ ತಿಳಿ ಇರುತ್ತದೆ, ಈ ಸಲ ವಿಮಾನದಲ್ಲೇ ಸೋಗಾನೆಗೆ ಹೋಗೋಣ ಅಂತ ಮೊದಲೇ ನಿರ್ಧರಿಸಿದ್ದೆವು. ಮುಂದಿನ ವಿಮಾನ ತಪ್ಪಿದರೆ ಹೋಗುವುದು ಅಮೇರಿಕದ ಟಿಕೆಟ್ ಅಲ್ಲವಲ್ಲ. ದೊಡ್ಡ ಪೆಟ್ಟಿಗೆಗಳನ್ನು ಬೆಂಗಳೂರಿನಲ್ಲಿರುವ ಭಾವನ ಮಗ ಬಂದು ತಗೊಂಡು ಹೋದ, ಊರಿಗೆ ಬರುವಾಗ ಕಾರಿನಲ್ಲಿ ತಂದುಕೊಟ್ಟ. ಎಟಿಆರ್ ತಗ್ಗಿನಲ್ಲಿ ಹಾರುತ್ತದೆ. ಕೆಳಗೆ ತೆಂಗಿನ ತೋಟ, ಕೆರೆ ಎಲ್ಲ ಗುರುತು ಹಿಡಿಯುವಷ್ಟು ಸ್ಪಷ್ಟ. ಧ್ರುವದ ಹಿಮಕ್ಕಿಂತ ಇದನ್ನೇ ಇವರು ಜಾಸ್ತಿ ಹೊತ್ತು ನೋಡಿದರು. ಕೂತು, ಎದ್ದು, ನೀರು ಕುಡಿಯುವಷ್ಟರಲ್ಲಿ ಸೋಗಾನೆ ಬಂತು. ಅಲ್ಲಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಹಾದು ತೀರ್ಥಹಳ್ಳಿ ಮುಟ್ಟಲು ವಿಮಾನಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಮಂಡಗದ್ದೆಯಲ್ಲಿ ಚಾಕ್ಕೆ ನಿಲ್ಲಿಸಿದ್ದೂ ಒಂದು ಕಾರಣ ಅನ್ನಿ.

ಹಗಲು ರಾತ್ರಿ ಅದಲುಬದಲಾದ ಮೈ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದಂತೆ. ಹನ್ನೆರಡು ಹದಿಮೂರು ಗಂಟೆ ಸರಿಯಬೇಕಾದರೆ ಎಷ್ಟು ದಿನ ಅಂತ ನೀವೇ ಲೆಕ್ಕ ಹಾಕಿ. ಮಧ್ಯಾಹ್ನ ಹನ್ನೆರಡಕ್ಕೆ ಕಣ್ಣು ಎಳೆಯುತ್ತಿತ್ತು, ರಾತ್ರಿ ಎರಡಕ್ಕೆ ಇಬ್ಬರಿಗೂ ಎಚ್ಚರ. ನಾನು ಕಾಫಿ ಮಾಡುತ್ತಿದ್ದೆ. ಇವರು ಆ ಹೊತ್ತಿಗೇ ಎದ್ದು ಅಡಿಕೆ ಬೇಯಿಸುವ ಒಲೆಗೆ ಬೆಂಕಿ ಹಾಕಿ, ಕೆಲಸದವರು ಬರುವಷ್ಟರಲ್ಲಿ ಒಂದು ಹಂಡೆ ಇಳಿಸಿರುತ್ತಿದ್ದರು. "ಅಮೇರಿಕಕ್ಕೆ ಹೋಗಿ ಬಂದ್ಮೇಲೆ ಅಯ್ಯ ಭಾರೀ ಚುರುಕಾಗ್ಯಾರೆ" ಅಂತ ಸುಲಿಯಲು ಬಂದ ಹೆಂಗಸರು ನಗುತ್ತಿದ್ದರು. ಇವರ ನಿದ್ದೆ ಸರಿಯಾಗುವ ಹೊತ್ತಿಗೆ ಮೊದಲ ಕೊಯ್ಲಿನ ಅಡಿಕೆ ಒಣಗಿ ಚೀಲ ಸೇರಿತ್ತು.